ಮೊದಲು ಹೊಳೆ ನೋಡಿ, ಆಮೇಲೆ ಕೋಟೆ: ಶ್ರೀರಂಗಪಟ್ಟಣದ ಯುದ್ಧಭೂಮಿಯಲ್ಲಿ ಮೂರು ನಡಿಗೆ

ಶ್ರೀರಂಗಪಟ್ಟಣಕ್ಕೆ ಬಂದವರು ಮೊದಲು ಕೋಟೆಯ ಗೋಡೆ ನೋಡುತ್ತಾರೆ. ನೀವು ಮೊದಲು ಹೊಳೆ ನೋಡಿ. ನೀರು ಎಷ್ಟಿದೆ, ಬಂಡೆ ಕಾಣುತ್ತಿದೆಯೇ, ಎಮ್ಮೆಗಳು ಎಲ್ಲಿಯವರೆಗೆ ಇಳಿದಿವೆ ಎಂದು ಐದು ನಿಮಿಷ ನಿಂತು ನೋಡಿ. ಇಲ್ಲಿ ನಡೆದ ಯುದ್ಧಗಳಲ್ಲಿ ಯಾರು ಗೆದ್ದರು, ಯಾರು ಬರಿಗೈಯಲ್ಲಿ ಹಿಂತಿರುಗಿದರು ಎಂಬುದಕ್ಕೆ ಅರ್ಧ ಉತ್ತರ ಆ ನೀರಿನಲ್ಲಿದೆ. ಉಳಿದರ್ಧ ಎತ್ತಿನ ಹೊಟ್ಟೆಯಲ್ಲಿದೆ.

ನಾನು ಪಾಂಡವಪುರ ತಾಲೂಕಿನವಳು. 31 ವರ್ಷ ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡಿದೆ. ಆಂಗ್ಲೋ-ಮೈಸೂರು ಯುದ್ಧ ಅಂದರೆ ಮಕ್ಕಳಿಗೆ ಒಂದಷ್ಟು ಇಸವಿ, ಒಂದಷ್ಟು ಒಪ್ಪಂದ, ಪರೀಕ್ಷೆಗೆ ನಾಲ್ಕು ಅಂಕ. ಅವರನ್ನು ಗದ್ದೆ ಬದುವಿನ ಮೇಲೆ ನಡೆಸಿದಾಗ ಮಾತ್ರ ಕಣ್ಣು ಅರಳುತ್ತಿತ್ತು. ನಮ್ಮಪ್ಪ ಹಳ್ಳಿಕಾರ್ ಜೋಡಿ ಕಟ್ಟಿದ್ದರು. ಮಳೆ ಕೈಕೊಟ್ಟ ಒಂದು ಬೇಸಿಗೆಯಲ್ಲಿ ಹುಲ್ಲು ಸಿಗದೆ ಆ ಎತ್ತುಗಳ ಪಕ್ಕೆಲುಬು ಎದ್ದು ಕಾಣತೊಡಗಿದಾಗ ಅಪ್ಪ ಊಟದ ತಟ್ಟೆ ಹಾಗೇ ಬಿಟ್ಟು ಕೊಟ್ಟಿಗೆಯಲ್ಲಿ ಹೋಗಿ ಕೂತಿದ್ದರು. ಮುಂದೆ 1791ರ ಕಥೆ ಓದುವಾಗ ನನ್ನ ಕಣ್ಣಿಗೆ ಕಟ್ಟಿದ್ದು ಆ ಕೊಟ್ಟಿಗೆಯೇ.

ಆ ವರ್ಷ ಮೇ ತಿಂಗಳಲ್ಲಿ ಬ್ರಿಟಿಷರ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣ ಹಿಡಿಯಲೆಂದು ಬೆಂಗಳೂರಿನಿಂದ ಕನಕಪುರದ ದಾರಿ ಹಿಡಿದು ಅರಕೆರೆಗೆ ಬಂದ. ದಾರಿಯುದ್ದಕ್ಕೂ ಹುಲ್ಲು, ದವಸ ಏನೂ ಸಿಗದಂತೆ ಟಿಪ್ಪುವಿನ ಕಡೆಯವರು ಮಾಡಿದ್ದರು. ಅರಕೆರೆಯಲ್ಲಿ ಹೊಳೆ ದಾಟೋಣವೆಂದರೆ ನೀರು ಏರಿತ್ತು. ಮೇ 15ರಂದು ಕಾಳಗವಾಗಿ ಬ್ರಿಟಿಷರದೇ ಕೈ ಮೇಲಾಯಿತು. ಆದರೆ ಗೆದ್ದ ಮೇಲೂ ಮುಂದೆ ಹೋಗಲಾಗಲಿಲ್ಲ. ಹೊಳೆ ದಾಟುವ ಜಾಗ ಹುಡುಕುತ್ತ ಕನ್ನಂಬಾಡಿಯವರೆಗೆ ಹೋಗುವಷ್ಟರಲ್ಲಿ ಎತ್ತುಗಳು ಸಾಲುಸಾಲಾಗಿ ಸತ್ತವು. ಕೋಟೆ ಒಡೆಯಲೆಂದು ತಂದ ದೊಡ್ಡ ಫಿರಂಗಿಗಳನ್ನು ಎಳೆಯುವವರಿಲ್ಲದೆ ಅವರೇ ಒಡೆದುಹಾಕಿ ಹಿಂತಿರುಗಿದರು. ಮೇಲುಕೋಟೆಯ ಹತ್ತಿರ ಅವರ ಮಿತ್ರರಾಗಿದ್ದ ಮರಾಠರ ದಂಡು ದವಸಧಾನ್ಯದ ಸಮೇತ ಎದುರಾಗದಿದ್ದರೆ ಅವರ ಗತಿ ಇನ್ನೂ ಕೆಡುತ್ತಿತ್ತು. ಪಾಠಪುಸ್ತಕದಲ್ಲಿ ಇದು ಒಂದು ಸಾಲು. ನೀವು ಇಲ್ಲಿ ನಡೆಯುವಾಗ ಈ ಸಾಲನ್ನೇ ತಲೆಯಲ್ಲಿಟ್ಟುಕೊಳ್ಳಬೇಕು.

ಯಾವಾಗ ಬರಬೇಕು

ನವೆಂಬರ್ ಕೊನೆಯಿಂದ ಫೆಬ್ರವರಿ ಮಧ್ಯದವರೆಗೆ. ಭತ್ತ ಹಾಲುಗಟ್ಟಿ ಕಟಾವಿಗೆ ಬರುವ ಕಾಲ. ಬೆಳಗ್ಗೆ ಮಂಜು, ಹತ್ತು ಗಂಟೆಗೆ ಹಿತವಾದ ಬಿಸಿಲು. ಆಲೆಮನೆಗಳಲ್ಲಿ ಕಬ್ಬಿನ ಹಾಲು ಕುದಿಯುತ್ತಿರುತ್ತದೆ. ಬಾಯಿಬಿಟ್ಟು ಕೇಳಿದರೆ ಒಂದು ಅಚ್ಚು ಬೆಲ್ಲದ ಚೂರು ಕೈಗೆ ಬರುತ್ತದೆ. ಮಳೆಗಾಲದಲ್ಲಿ ನಾಲೆ ಏರಿಯ ಮಣ್ಣು ಎಣ್ಣೆ ಸವರಿದಂತೆ ಜಾರುತ್ತದೆ.

ಬೇಸಿಗೆಯ ಬಗ್ಗೆ ನನಗೊಂದು ಕಹಿ ಅನುಭವವಿದೆ. ಟಿಪ್ಪು ಬಿದ್ದದ್ದು 1799ರ ಮೇ 4ರ ಮಧ್ಯಾಹ್ನ. ಅದೇ ದಿನ, ಅದೇ ಹೊತ್ತಿಗೆ ಮಕ್ಕಳನ್ನು ಅವನು ಬಿದ್ದ ಜಾಗದಲ್ಲಿ ನಿಲ್ಲಿಸಬೇಕೆಂಬ ಹಟ ನನಗೆ. ಒಂದು ಗಂಟೆಯ ಬಿಸಿಲಿಗೆ ಹದಿಮೂರರ ಒಬ್ಬ ಹುಡುಗಿ ಕುಸಿದುಬಿದ್ದಳು. ಪಕ್ಕದ ಮನೆಯವರು ಒಳಗೆ ಕರೆದು, ಮುಖಕ್ಕೆ ನೀರು ಹಾಕಿ, ಮಜ್ಜಿಗೆ ಕುಡಿಸಿ ಎಬ್ಬಿಸಿದರು. ಸಂಜೆ ಅವಳ ಅವ್ವನ ಮುಂದೆ ನಿಂತು ಕ್ಷಮೆ ಕೇಳಿದ್ದೇನೆ. ಆದ್ದರಿಂದ ಹೇಳುತ್ತೇನೆ: ಮಾರ್ಚ್‌ನಿಂದ ಮೇವರೆಗೆ ಬಂದರೆ ಬೆಳಗಿನ ಒಂಬತ್ತರೊಳಗೆ ನಡಿಗೆ ಮುಗಿಸಿ.

ಹಾಕಿಕೊಳ್ಳಲು ಅಡಿ ಒರಟಾಗಿರುವ, ಬೆರಳು ಮುಚ್ಚುವ ಚಪ್ಪಲಿ ಅಥವಾ ಶೂ. ಒಂದು ಕೋಲು; ಬದುವಿನ ಮೇಲೆ ಹಾವಿಗೆ ಸದ್ದು ಕೊಡಲು, ನಾಯಿಯನ್ನು ದೂರ ನಿಲ್ಲಿಸಲು. ಇಬ್ಬರಿಗೆ ಎರಡು ಲೀಟರ್ ನೀರು, ಟೋಪಿ, ಒಂದು ಟವೆಲ್. ನಮ್ಮ ಕಡೆ ಕಬ್ಬಿನ ಗದ್ದೆಗಳಲ್ಲಿ ಚಿರತೆ ಮರಿ ಹಾಕುತ್ತದೆ, ಇದು ಉತ್ಪ್ರೇಕ್ಷೆಯಲ್ಲ. ಎತ್ತರದ ಕಬ್ಬಿನ ಮಧ್ಯದ ಕಾಲುದಾರಿಗೆ ಸೂರ್ಯ ಏರುವ ಮೊದಲು, ಇಳಿದ ಮೇಲೆ ಹೋಗಬೇಡಿ, ಒಬ್ಬರೇ ಅಂತೂ ಬೇಡವೇ ಬೇಡ.

ಮೊದಲ ನಡಿಗೆ: ಕೋಟೆಯೊಳಗೆ, ಪಶ್ಚಿಮದಿಂದ

ರೈಲಿನಲ್ಲಿ ಬನ್ನಿ. ಸ್ಟೇಷನ್ ಕೋಟೆಯ ಒಳಗೇ ಇದೆ, ಮೈಸೂರಿನಿಂದ ಅರ್ಧ ಗಂಟೆಯೂ ಬೇಡ. ಇಳಿದವರು ರಂಗನಾಥಸ್ವಾಮಿಗೆ ಕೈ ಮುಗಿದು ದೇವಸ್ಥಾನದ ಹಿಂಬದಿಗೆ, ಪಶ್ಚಿಮದ ಕೋಟೆಗೋಡೆಯ ಕಡೆಗೆ ನಡೆಯಿರಿ. ಹೊಳೆಯ ಅಂಚಿನಲ್ಲಿ ಒಂದು ಎತ್ತರದ ಸ್ಮಾರಕಸ್ತಂಭ ಸಿಗುತ್ತದೆ. 1907ರಲ್ಲಿ ಮೈಸೂರು ಸರ್ಕಾರ ನಿಲ್ಲಿಸಿದ್ದು. 1799ರ ದಾಳಿಯಲ್ಲಿ ಸತ್ತ ಬ್ರಿಟಿಷ್ ಅಧಿಕಾರಿಗಳ ಹೆಸರುಗಳು ಅದರ ಮೇಲಿವೆ. ಕೋಟೆಯ ಒಳಗೆ ಸತ್ತ ನಮ್ಮವರ ಹೆಸರು ಅಲ್ಲಿಲ್ಲ, ಎಲ್ಲೂ ಇಲ್ಲ. ನಾನು ಅಲ್ಲಿ ನಿಂತಾಗಲೆಲ್ಲ ಮಕ್ಕಳನ್ನು ಒಂದು ನಿಮಿಷ ಸುಮ್ಮನಿರಿಸುತ್ತಿದ್ದೆ.

ಗೋಡೆ ಒಡೆದದ್ದು ಈ ಭಾಗದಲ್ಲೇ. ಇಲ್ಲಿಂದ ಎದುರು ದಡ ನೋಡಿ. ಮಧ್ಯೆ ಹಾಸುಬಂಡೆ, ಬಂಡೆಗಳ ಸಂದಿಯಲ್ಲಿ ನೀರು. ಮೇ 4ರಂದು ಬ್ರಿಟಿಷ್ ಸೈನಿಕರು ಎಲ್ಲೋ ಮೊಣಕಾಲು, ಎಲ್ಲೋ ಸೊಂಟ ಮುಳುಗುವ ನೀರಿನಲ್ಲಿ ಇದನ್ನೇ ದಾಟಿ ಬಂದರು. ಮುಂದೆ ನಿಂತು ನಡೆಸಿದವನು ಡೇವಿಡ್ ಬೇರ್ಡ್. ಹೈದರ್, ಟಿಪ್ಪು ಬ್ರಿಟಿಷರನ್ನು ಸೋಲಿಸಿದ 1780ರ ಪೊಳ್ಳಿಲೂರು ಕದನದಲ್ಲಿ ಸೆರೆಸಿಕ್ಕು 1784ರವರೆಗೆ ಇದೇ ಊರಿನಲ್ಲಿ ಬಂದಿಯಾಗಿದ್ದವನು.

ಅವರಿಗೇಕೆ ಅಷ್ಟು ಅವಸರ ಎಂದು ಕೇಳಿಕೊಳ್ಳಿ. ಜೂನ್‌ನಲ್ಲಿ ಕೊಡಗಿನ ಮಳೆ ಹಿಡಿದರೆ ಕಾವೇರಿ ತುಂಬುತ್ತದೆ, ಆಮೇಲೆ ಈ ದ್ವೀಪವನ್ನು ಮುಟ್ಟುವಂತಿಲ್ಲ. ಮೇಲಾಗಿ ಏಪ್ರಿಲ್ ಮಧ್ಯದಲ್ಲಿ ಲೆಕ್ಕ ಹಾಕಿದಾಗ ಪಾಳೆಯದ ಅಕ್ಕಿ ಅರೆಹೊಟ್ಟೆಗೆ ಹಂಚಿದರೂ ಮೇ ಮೊದಲ ವಾರ ದಾಟುವಂತಿರಲಿಲ್ಲ. 1791ರ ಪಾಠ ಅವರಿಗೆ ಮರೆತಿರಲಿಲ್ಲ. 1799ರ ಮಾರ್ಚ್ 27ರಂದು ಮಳವಳ್ಳಿಯಲ್ಲಿ ಕಾದಾಡಿದ ಮೇಲೆ ಬ್ರಿಟಿಷ್ ದಂಡಿನ ಮುಖ್ಯಸ್ಥ ಜನರಲ್ ಹ್ಯಾರಿಸ್ ಹಳೆಯ ಅರಕೆರೆ ದಾರಿಗೆ ಬರಲೇ ಇಲ್ಲ. ಅಲ್ಲಿ ಮೇವು ಸುಟ್ಟಿತ್ತು. ಸೋಸಲೆಯ ಹತ್ತಿರ ಹೊಳೆ ದಾಟಿ, ಹುಲ್ಲು ಉಳಿದಿದ್ದ ದಕ್ಷಿಣ ದಡದಿಂದ ಬಂದ. ಗದ್ದೆಗೆ ನೀರು ಹಾಯಿಸಲು ನಮ್ಮ ಹಿರಿಯರು ತೋಡಿದ್ದ ನಾಲೆಯ ಏರಿಯೇ ಅವರ ಸೈನಿಕರಿಗೆ ಗುಂಡಿನಿಂದ ಮರೆಯಾಯಿತು. ಆ ಏರಿ ಹಿಡಿಯುವುದಕ್ಕೆ ಏಪ್ರಿಲ್ 5ರ ಕತ್ತಲಲ್ಲಿ ಸುಲ್ತಾನ್‌ಪೇಟೆ ತೋಪಿಗೆ ನುಗ್ಗಿದ ಆರ್ಥರ್ ವೆಲ್ಲೆಸ್ಲಿ ದಾರಿ ತಪ್ಪಿ ಸೋತು ಹಿಂದೆ ಬಂದ. ಮುಂದೆ ವಾಟರ್‌ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ಅದೇ ವೆಲ್ಲೆಸ್ಲಿ. ಮಾರನೆಯ ದಿನ ಬೆಳಕಿನಲ್ಲಿ ಆ ತೋಪು ಅವರ ಕೈಸೇರಿತು.

ಒಂದು ಎಚ್ಚರಿಕೆ. ಈಗಿನ ಹೊಳೆ 1799ರ ಹೊಳೆಯಲ್ಲ. ಮೇಲೆ ಕೆಆರ್‌ಎಸ್ ಇದೆ. ಗೇಟು ತೆಗೆದರೆ ಬಂಡೆಯ ಮೇಲೆ ಕೂತವರ ಕಾಲಡಿ ನೋಡನೋಡುತ್ತಲೇ ನೀರು ಏರುತ್ತದೆ. ದಡದಿಂದ ನೋಡಿ, ಇಳಿಯಬೇಡಿ. ಮಕ್ಕಳ ಕೈ ಬಿಡಬೇಡಿ.

ಸ್ತಂಭದಿಂದ ಉತ್ತರದ ಗೋಡೆಯ ಪಕ್ಕ ಪೂರ್ವಕ್ಕೆ ಹೊರಡಿ. ದಾಳಿ ಬಂದವರಲ್ಲಿ ಒಂದು ಭಾಗ ಹೋದದ್ದೂ ಇದೇ ಗೋಡೆಯ ಮೇಲೆ. ಮಧ್ಯಾಹ್ನದ ಊಟಕ್ಕೆ ಕೂತಿದ್ದ ಟಿಪ್ಪುವಿಗೆ ತನ್ನ ನೆಚ್ಚಿನ ಸರದಾರ ಸೈಯದ್ ಗಫಾರ್ ಸತ್ತ ಸುದ್ದಿ ಬಂತು, ಊಟ ಬಿಟ್ಟು ಎದ್ದು ಹೊರಟ ಎನ್ನುತ್ತವೆ ದಾಖಲೆಗಳು. ಅವನ ದೇಹ ಸಿಕ್ಕ ಜಾಗಕ್ಕೆ ಕಲ್ಲಿನ ಗುರುತು ಹಾಕಿದ್ದಾರೆ. ಪ್ರವಾಸಿ ಬಸ್ಸುಗಳು ಅಲ್ಲಿ ಎರಡು ನಿಮಿಷ ನಿಲ್ಲುತ್ತವೆ. ನೀವು ನಡೆದು ಬಂದಿದ್ದರೆ ಒಂದು ವಿಷಯ ಗೊತ್ತಾಗುತ್ತದೆ: ಗೋಡೆ ಒಡೆದ ಜಾಗಕ್ಕೂ ಇಲ್ಲಿಗೂ ಇರುವುದು ಕೆಲವೇ ನಿಮಿಷಗಳ ದಾರಿ. ಕಣ್ಣಳತೆಯ ದೂರದಲ್ಲಿ ಒಂದು ರಾಜ್ಯ ಮುಗಿದುಹೋಯಿತು.

ಅಲ್ಲಿಂದ ಹೊಳೆಯ ಕಡೆ ಇಳಿದರೆ ಕರ್ನಲ್ ಬೇಲಿಯ ಸೆರೆಮನೆ. ಪೊಳ್ಳಿಲೂರಿನಲ್ಲಿ ಸೋತು ಸಿಕ್ಕಿಬಿದ್ದ ಬೇಲಿ 1782ರಲ್ಲಿ ಬಂಧನದಲ್ಲೇ ತೀರಿಕೊಂಡ. ಒಳಗೆ ತಂಪಾಗಿದೆ, ಗೋಡೆಯಲ್ಲಿ ಕೈ ಕಟ್ಟುತ್ತಿದ್ದ ಕಲ್ಲುಗಳಿವೆ. ಅಲ್ಲಿ ಕೂಗಾಡುತ್ತ ಫೋಟೊ ತೆಗೆಸಿಕೊಳ್ಳುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಯಾವ ದೇಶದವನಾದರೂ ಸೆರೆಯಾಳು ಸೆರೆಯಾಳೇ.

ಹಿಂತಿರುಗುವಾಗ ಸ್ಟೇಷನ್ ಹತ್ತಿರದ ಮದ್ದಿನಮನೆಯನ್ನು ಬಿಡಬೇಡಿ. ಜೋಡಿ ಹಳಿ ಹಾಕಲು ಅಡ್ಡವಾಗಿದ್ದ ಆ ಇಡೀ ಕಟ್ಟಡವನ್ನು ಕೆಡವದೆ, 2017ರಲ್ಲಿ ಬುಡಸಮೇತ ಎತ್ತಿ ಪಕ್ಕಕ್ಕೆ ಸರಿಸಿದರು. ಇಟ್ಟಿಗೆ, ಗಾರೆಯ ಹಳೆಯ ಕಟ್ಟಡ ಬಿರುಕು ಬಿಡದೆ ಉಳಿದದ್ದು ನೋಡಿ ನನಗೆ ಆದ ಸಂತೋಷ ಇಷ್ಟಿಷ್ಟಲ್ಲ. ನಿಧಾನವಾಗಿ ನಡೆದರೆ ಇದೆಲ್ಲ ಮೂರು ಗಂಟೆ.

ಎರಡನೆಯ ನಡಿಗೆ: ದರಿಯಾ ದೌಲತ್‌ನಿಂದ ಸಂಗಮಕ್ಕೆ

ದ್ವೀಪದ ಪೂರ್ವಾರ್ಧ ಇದು. ಸಮತಟ್ಟು ದಾರಿ, ಒಂದು ಕಡೆಗೆ ಐದು ಕಿಲೋಮೀಟರ್ ಒಳಗೆ. ಮಂಡಿ ನೋವಿನವರೂ ಬರಬಹುದು, ನಾನೂ ಈಗ ಹೆಚ್ಚಾಗಿ ಇದನ್ನೇ ನಡೆಯುತ್ತೇನೆ.

ದರಿಯಾ ದೌಲತ್ 1784ರ ಬೇಸಿಗೆ ಅರಮನೆ. ಪಶ್ಚಿಮದ ಗೋಡೆಯಲ್ಲಿ ಪೊಳ್ಳಿಲೂರಿನ ಕದನ ಬರೆದಿದ್ದಾರೆ. ಹಸಿರು ಪರದೆ ಸರಿಸಿ ಒಳಗೆ ಹೋದವರು ಹೈದರ್, ಟಿಪ್ಪು, ಪಲ್ಲಕ್ಕಿಯಲ್ಲಿ ಕೂತ ಕರ್ನಲ್ ಬೇಲಿ ಎಲ್ಲಿದ್ದಾರೆಂದು ಹುಡುಕುತ್ತಾರೆ. ಸಿಕ್ಕ ಮೇಲೆ ಅಲ್ಲಿಗೇ ನಿಲ್ಲಿಸಬೇಡಿ. ಕೆಳಗಿನ ಸಾಲುಗಳಲ್ಲಿ ಎತ್ತು, ಒಂಟೆ, ಆನೆ ನೋಡಿ. ಫಿರಂಗಿ ಬಂಡಿ ಎಳೆಯುತ್ತಿದ್ದ ಮೈಸೂರಿನ ಎತ್ತುಗಳ ಓಟಕ್ಕೆ ಶತ್ರುಗಳೇ ಬೆರಗಾಗುತ್ತಿದ್ದರು. ಒಡೆಯರ ಕಾಲದ ಬೆಣ್ಣೆ ಚಾವಡಿಯ ದನಗಳೇ ಟಿಪ್ಪುವಿನ ಕಾಲಕ್ಕೆ ಅಮೃತ ಮಹಲ್ ಆದವು. 1799ರ ನಂತರ ಆ ತಳಿ ವೆಲ್ಲೆಸ್ಲಿಯ ದಂಡಿಗೂ ಹೆಗಲು ಕೊಟ್ಟಿತು.

ಅಲ್ಲಿಂದ ಗಂಜಾಂ ಊರೊಳಗೆ ನಡೆಯಿರಿ, ಮುಖ್ಯರಸ್ತೆ ಬೇಡ. ಶಿರಾದಿಂದ ಜನರನ್ನು ಕರೆತಂದು ನೆಲೆಗೊಳಿಸಿದ ಪೇಟೆ ಇದು. ನಿಮಿಷಾಂಬ ದೇವಿಯ ಗುಡಿಯ ಸ್ನಾನಘಟ್ಟದ ಮೆಟ್ಟಿಲ ಮೇಲೆ ಕೂತು ತಂದ ಬುತ್ತಿ ಬಿಚ್ಚಬಹುದು. ಎಲೆ, ಪ್ಲಾಸ್ಟಿಕ್ ವಾಪಸ್ ಒಯ್ಯಿರಿ. ಗಂಜಾಂನಲ್ಲೇ ಅಬ್ಬೆ ದ್ಯುಬ್ವಾ ಕಟ್ಟಿಸಿದ ಚರ್ಚ್ ಇದೆ. ಯುದ್ಧ ಮುಗಿದ ಮೇಲೆ ಚದುರಿದ್ದ ಕ್ರೈಸ್ತರನ್ನು ಮತ್ತೆ ಒಂದುಗೂಡಿಸಲು ಬಂದ ಫ್ರೆಂಚ್ ಪಾದ್ರಿ ಆತ.

ಮುಂದೆ ಗುಂಬಜ್. ಸುತ್ತ ಈಗ ಇರುವ ತೋಟ ನೋಡಿ ಹಳೆಯದನ್ನು ಕಲ್ಪಿಸಿಕೊಳ್ಳಬೇಡಿ. ಟಿಪ್ಪುವಿನ ಲಾಲ್‌ಬಾಗ್ (ಬೆಂಗಳೂರಿನದಲ್ಲ, ಇಲ್ಲಿಯದು) ಇದ್ದದ್ದು ಇಲ್ಲಿ, ಸಾಲುಸಾಲು ಸೈಪ್ರೆಸ್ ಮರ, ಹಣ್ಣಿನ ಗಿಡ. 1792ರ ಫೆಬ್ರವರಿಯಲ್ಲಿ ಬ್ರಿಟಿಷರು ದ್ವೀಪದ ಈ ತುದಿ ಹಿಡಿದು, ಮುತ್ತಿಗೆಯ ಕಂದಕಕ್ಕೆ ಬೇಕಾದ ಕಟ್ಟಿಗೆ ಕಂತೆ, ಬುಟ್ಟಿ ಹೆಣೆಯಲು ಆ ಮರಗಳನ್ನು ಕಡಿದರು. ತೋಟದ ಅರಮನೆ ಗಾಯಾಳುಗಳ ಆಸ್ಪತ್ರೆಯಾಯಿತು. ಯುದ್ಧದ ಲೆಕ್ಕದಲ್ಲಿ ಮರಗಳನ್ನು ಯಾರೂ ಬರೆಯುವುದಿಲ್ಲ, ಆದ್ದರಿಂದ ಇದನ್ನು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಾಗುವುದಿಲ್ಲ.

ಗುಂಬಜಿನಲ್ಲಿ ಹೈದರ್, ಟಿಪ್ಪುವಿನ ತಾಯಿ ಫಕ್ರುನ್ನಿಸಾ, ಟಿಪ್ಪು, ಮೂವರೂ ಮಲಗಿದ್ದಾರೆ. ಚಪ್ಪಲಿ ಬಿಟ್ಟು, ದನಿ ತಗ್ಗಿಸಿ ಒಳಗೆ ಹೋಗಿ. ಮೇ 5ರ ಸಂಜೆ ಟಿಪ್ಪುವನ್ನು ಮಣ್ಣು ಮಾಡುವ ಹೊತ್ತಿಗೆ ಗುಡುಗು-ಸಿಡಿಲಿನ ಮಳೆ ಹೊಡೆಯಿತು. ಸಿಡಿಲಿಗೆ ಬ್ರಿಟಿಷ್ ಪಾಳೆಯದಲ್ಲೂ ಜನ ಸತ್ತರು. ಕಾಯುತ್ತಿದ್ದ ಮಳೆ ಬಂದದ್ದು ಒಂದು ದಿನ ತಡವಾಗಿ ಎಂದು ನನ್ನ ಒಬ್ಬ ವಿದ್ಯಾರ್ಥಿ ಹೇಳಿದ್ದ. ಒಂದು ಸಂಜೆಯ ಮಳೆಗೆ ಹೊಳೆ ತುಂಬುತ್ತಿರಲಿಲ್ಲ, ನಿಜ. ಆದರೂ ಆ ಮಾತು ನನ್ನೊಳಗೆ ಉಳಿದುಬಿಟ್ಟಿದೆ.

ಸಂಗಮದಲ್ಲಿ ಎರಡು ಕವಲು ಕೂಡುವುದನ್ನು ನೋಡಿ ಆಟೋದಲ್ಲಿ ವಾಪಸಾಗಿ. ಅಲ್ಲಿ ನೀರಿಗೆ ಇಳಿಯಬೇಡಿ. ಮೇಲೆ ಶಾಂತವಾಗಿದ್ದರೂ ಕೆಳಗೆ ಸೆಳೆತವಿದೆ.

ಮೂರನೆಯ ನಡಿಗೆ: ಕಿರಂಗೂರು ಬಯಲು, ಕರಿಘಟ್ಟ, ಲೋಕಪಾವನಿ

ಮೂರರಲ್ಲಿ ನನಗೆ ಪ್ರಿಯವಾದದ್ದು ಇದು. ಇಲ್ಲಿ ಸ್ಮಾರಕವಿಲ್ಲ, ಟಿಕೆಟ್ಟಿಲ್ಲ, ಫಲಕವಿಲ್ಲ. ದಸರಾ ಬನ್ನಿಮಂಟಪವಿರುವ ಕಿರಂಗೂರಿನಿಂದ ಹೊರಟು, ಹೊಳೆಯ ಉತ್ತರದ ಬಯಲಿನಲ್ಲಿ ನಾಲೆ ಏರಿ, ಬಂಡಿದಾರಿ ಹಿಡಿದು ಪೂರ್ವಕ್ಕೆ, ಕರಿಘಟ್ಟದ ಬೆಟ್ಟವನ್ನೇ ಗುರಿಯಾಗಿಟ್ಟುಕೊಂಡು ನಡೆಯುವುದು. ಬೆಟ್ಟ ಎಲ್ಲಿಂದಲೂ ಕಾಣುತ್ತದೆ, ದಾರಿ ತಪ್ಪುವ ಭಯವಿಲ್ಲ. ಹೆದ್ದಾರಿ ದಾಟಲು ಕೆಳಸೇತುವೆಯನ್ನೇ ಬಳಸಿ, ಬೇಲಿ ಹಾರಬೇಡಿ.

1792ರ ಫೆಬ್ರವರಿ 6ರ ರಾತ್ರಿ, ಬೆಳದಿಂಗಳಿನಲ್ಲಿ, ಈ ಬಯಲಿನ ಮೇಲೆ ಕಾರ್ನ್‌ವಾಲಿಸನ ಮೂರು ಪಡೆಗಳು ನಡೆದವು. ಪಾಳೆಯ ಬಿಟ್ಟದ್ದು ಉತ್ತರದಲ್ಲಿ, ಇಂಗ್ಲಿಷರು ಫ್ರೆಂಚ್ ರಾಕ್ಸ್ ಎಂದು ಕರೆಯುತ್ತಿದ್ದ ನಮ್ಮ ಹಿರೋಡೆಯ ಗುಡ್ಡಗಳ ಆಚೆ, ಈಗಿನ ಪಾಂಡವಪುರ. ಟಿಪ್ಪುವಿನ ದಂಡು ಇದ್ದದ್ದು ಹೊಳೆಗೂ ಒಂದು ದೊಡ್ಡ ಮುಳ್ಳುಬೇಲಿಗೂ ನಡುವೆ. ಬೇಲಿಯ ಸಾಲಿನಲ್ಲಿ ಮಣ್ಣಿನ ಕೊತ್ತಲಗಳು. ಬಲಗಡೆಯ ಪಡೆ ದಾರಿ ತಪ್ಪಿ ಈದ್ಗಾ ಕೊತ್ತಲಕ್ಕೆ ಹೋಗಿ ಸಿಕ್ಕಿಕೊಂಡಿತು. ನಡುವಿನದು ಬೇಲಿ ಸೀಳಿ ಹೊಳೆಗೆ ಬಂತು. ಎಡಗಡೆಯದು ಹತ್ತಿದ್ದು ನಿಮ್ಮ ಮುಂದಿರುವ ಇದೇ ಕರಿಘಟ್ಟವನ್ನು. ಈ ಸೋಲಿನ ನಂತರ, ಮಾರ್ಚ್ 18ರ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯ, 3 ಕೋಟಿ 30 ಲಕ್ಷ ರೂಪಾಯಿ ಕೊಡಲು ಒಪ್ಪಿಕೊಂಡ. ಇಬ್ಬರು ಎಳೆಯ ಮಕ್ಕಳನ್ನು ಒತ್ತೆ ಕೊಟ್ಟ.

ಆ ಬೇಲಿ, ಕೊತ್ತಲ ಯಾವುದೂ ಈಗ ಕಣ್ಣಿಗೆ ಬೀಳುವುದಿಲ್ಲ. ಗದ್ದೆ ಅವನ್ನು ನುಂಗಿದೆ. ಹಾಗಾದರೆ ನೋಡುವುದೇನು? ನೆಲ. ರಾತ್ರಿಯಲ್ಲಿ ಭತ್ತದ ಗದ್ದೆ, ಕಾಲುವೆ, ಹಳ್ಳ ದಾಟಿ ಸಾವಿರಾರು ಜನ ಸದ್ದಿಲ್ಲದೆ ಬರುವುದು ಎಷ್ಟು ಕಷ್ಟ ಎಂದು ನಿಮ್ಮ ಕಾಲು ಹೇಳುತ್ತದೆ. ಒಂದು ಬದುವಿನಿಂದ ಇನ್ನೊಂದಕ್ಕೆ ದಾಟುವಾಗ ಕೆಸರಿಗೆ ಪಾದ ಹೂತರೆ, ಒಂದು ಪಡೆ ದಿಕ್ಕು ತಪ್ಪಿದ್ದು ಏಕೆಂದು ಯಾರೂ ವಿವರಿಸಬೇಕಾಗಿಲ್ಲ.

ಬದುವಿನ ಶಿಷ್ಟಾಚಾರ ಕಲಿತುಕೊಳ್ಳಿ. ಬದು ರೈತನ ಆಸ್ತಿ. ಒಬ್ಬರ ಹಿಂದೆ ಒಬ್ಬರು ನಡೆಯಿರಿ, ಪೈರಿನ ಮೇಲೆ ಕಾಲಿಡಬೇಡಿ, ಮಡೆಗೆ ಕಟ್ಟಿದ ಮಣ್ಣು ಕಿತ್ತು ನೀರು ತಿರುಗಿಸಬೇಡಿ. ಎದುರು ಹುಲ್ಲುಹೊರೆ ಹೊತ್ತವರು ಬಂದರೆ ನೀವು ಪಕ್ಕಕ್ಕೆ ಇಳಿಯಬೇಕು, ಅವರಲ್ಲ. “ಅಣ್ಣ, ಈ ದಾರೀಲಿ ಕರಿಘಟ್ಟಕ್ಕೆ ಹೋಗಬಹುದಾ?” ಎಂದು ಕೇಳಿ. ದಾರಿಯ ಜೊತೆಗೆ ಒಂದು ಕಥೆಯೂ ಸಿಗುತ್ತದೆ. ಉಳುವಾಗ ಗುಂಡು ಸಿಕ್ಕಿತ್ತು ಎನ್ನುವವರು ಈ ಸುತ್ತಿನ ಪ್ರತಿ ಊರಲ್ಲೂ ಇದ್ದಾರೆ. ನಿಮಗೇ ಏನಾದರೂ ಕಂಡರೆ ಎತ್ತಿ ಚೀಲಕ್ಕೆ ಹಾಕಬೇಡಿ. ಇದ್ದಲ್ಲೇ ಬಿಟ್ಟು ಗ್ರಾಮ ಪಂಚಾಯಿತಿಗೆ ತಿಳಿಸಿ.

ಈ ನೆಲದ ನೆನಪು ಒಂದೇ ಬಗೆಯದಲ್ಲ. ಗಂಜಾಂನಲ್ಲಿ ಒಂದು ಮಾತು ಕೇಳುತ್ತೀರಿ, ಮೇಲುಕೋಟೆಯಲ್ಲಿ ಇನ್ನೊಂದು. ಅಲ್ಲಿ ಮಂಡ್ಯಂ ಅಯ್ಯಂಗಾರ್ ಮನೆತನಗಳು, ಟಿಪ್ಪು ಕೊಲ್ಲಿಸಿದನೆಂದು ತಾವು ಹೇಳುವ ಹಿರಿಯರ ನೆನಪಿಗೆ, ಇಂದಿಗೂ ನರಕ ಚತುರ್ದಶಿ ಆಚರಿಸುವುದಿಲ್ಲ. ದಾರಿಯಲ್ಲಿ ಸಿಕ್ಕವರ ಜೊತೆ ವಾದಕ್ಕೆ ಇಳಿಯಬೇಡಿ. ಕೇಳಿಸಿಕೊಳ್ಳಿ. ನಾನು ತರಗತಿಯಲ್ಲಿ ಎರಡೂ ಹೇಳುತ್ತಿದ್ದೆ, ಎರಡನ್ನೂ ಹೇಳುವ ಧೈರ್ಯ ಮೇಷ್ಟ್ರುಗಳಿಗೆ ಇರಬೇಕು.

ಕರಿಘಟ್ಟಕ್ಕೆ ಮೆಟ್ಟಿಲೂ ಇದೆ, ವಾಹನದ ರಸ್ತೆಯೂ ಇದೆ. ರಸ್ತೆ ಬಳಸು, ಆದರೆ ಏರು ಕಡಿಮೆ. ಮೇಲೆ ಶ್ರೀನಿವಾಸನ ಗುಡಿ. ಅಲ್ಲಿಂದ ಪಶ್ಚಿಮಕ್ಕೆ ನಿಂತರೆ ದ್ವೀಪ ಪೂರ್ತಿ ಒಂದು ನಕ್ಷೆಯ ಹಾಗೆ ಬಿಚ್ಚಿಕೊಳ್ಳುತ್ತದೆ: ಗುಂಬಜ್, ರಂಗನಾಥನ ಗೋಪುರ, ಮಸೀದಿಯ ಮಿನಾರುಗಳು, ಹೊಳೆಯ ಎರಡು ಕವಲು. ಕೆಳಗೆ ಲೋಕಪಾವನಿ ಬಂದು ಕಾವೇರಿಗೆ ಸೇರುತ್ತದೆ. ಮೂರೂ ನಡಿಗೆ ಮಾಡುವವರು ಇದನ್ನು ಕೊನೆಗೆ ಇಟ್ಟುಕೊಳ್ಳಿ. ನಡೆದ ಜಾಗಗಳನ್ನೆಲ್ಲ ಬೆರಳಿಟ್ಟು ತೋರಿಸಬಹುದು. ಬೇಸಿಗೆಯಲ್ಲಿ ಈ ಬೆಟ್ಟದ ಒಣಹುಲ್ಲಿಗೆ ಪದೇಪದೇ ಬೆಂಕಿ ಬೀಳುತ್ತದೆ. ಬೀಡಿ, ಬೆಂಕಿಪೊಟ್ಟಣ ಕೆಳಗೇ ಬಿಟ್ಟು ಬನ್ನಿ.

ಇನ್ನೊಂದು ದಿನ ಇದ್ದರೆ

ತೊಣ್ಣೂರು ಕೆರೆಗೆ ಬನ್ನಿ, ಪಾಂಡವಪುರದಿಂದ ಬಸ್ಸು ಸಿಗುತ್ತದೆ. ಏರಿಯ ಮೇಲೆ ನಡೆಯುವುದಷ್ಟೇ ಕೆಲಸ, ನೀರು ಕನ್ನಡಿಯಂತಿರುತ್ತದೆ. ಇದೇ ಸೀಮೆಯ ಚಿನಕುರಳಿಯಲ್ಲಿ 1771ರ ಮಾರ್ಚ್‌ನಲ್ಲಿ ಮರಾಠರ ಕೈಲಿ ಸೋತ ಹೈದರ್ ಅಲಿ ಶ್ರೀರಂಗಪಟ್ಟಣಕ್ಕೆ ಓಡಿಬಂದು ತಲೆ ಉಳಿಸಿಕೊಂಡ. ಪಾಂಡವಪುರದ ಕಡೆ ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಪಕ್ಕ ನಡೆಯುವುದು ಮಾತ್ರ ಬೇಡ. ಅದು ನಮ್ಮ ಹಳೆಯ ಮಣ್ಣಿನ ನಾಲೆಯಂತಲ್ಲ, ಆಳ, ದಡ ಹಿಡಿಯಲು ಸಿಗುವುದಿಲ್ಲ. 2018ರಲ್ಲಿ ಕನಗನಮರಡಿ ಹತ್ತಿರ ಬಸ್ಸು ಆ ನಾಲೆಗೆ ಬಿದ್ದು 30 ಜನ ಹೋದರು.

ಕೊನೆಗೆ ಸಂಜೆ ಹೊತ್ತಿಗೆ ಹೊಸ ಕನ್ನಂಬಾಡಿ. ಕಾರ್ನ್‌ವಾಲಿಸ್ ಫಿರಂಗಿ ಒಡೆದು ಹಿಂತಿರುಗಿದ ಸೀಮೆ ಇದು. ಹಳೆಯ ಕನ್ನಂಬಾಡಿ ಕೆಆರ್‌ಎಸ್ ನೀರಿನಡಿ ಹೋಯಿತು, ಅಲ್ಲಿದ್ದ ವೇಣುಗೋಪಾಲಸ್ವಾಮಿ ಗುಡಿಯನ್ನು ಕಲ್ಲುಕಲ್ಲಾಗಿ ಬಿಚ್ಚಿ ದಡದ ಮೇಲೆ ಮತ್ತೆ ಕಟ್ಟಿದ್ದಾರೆ. ಗುಡಿಯ ಹಿಂದೆ ಹಿನ್ನೀರಿನ ಅಂಚಿನಲ್ಲಿ ಹುಲ್ಲು ಸೊಂಪಾಗಿ ಬೆಳೆದಿರುತ್ತದೆ, ಸುತ್ತಲ ಊರಿನ ದನಗಳು ಮೇಯುತ್ತಿರುತ್ತವೆ. ಕತ್ತಲಾದ ಮೇಲೆ ಆ ಕಡೆ ವಾಹನ ಕಡಿಮೆ, ಬೆಳಕಿರುವಾಗಲೇ ಹೊರಡಿ.